ಹಳದಿ ನಮೂನೆಯಲ್ಲಿ ಒಂದು ಫ್ರೆಂಚ್ ಸಿನಿಮಾ

ಶುಕ್ರವಾರ ಸಂಜೆ ನಾಲ್ಕೂ ಮುಕ್ಕಾಲು ಗಂಟೆಗೆ ಸರ್ಕಾರಿ ನೌಕರನಾದವನು ಬಾಯಿ ಬಿಡಬಾರದು. ಆ ಹೊತ್ತಿನಲ್ಲಿ ಚೀಲ ಹೆಗಲ ಮೇಲಿರಬೇಕು, ಕಣ್ಣು ಗಡಿಯಾರದ ಮೇಲಿರಬೇಕು, ನಾಲಿಗೆ ಹಲ್ಲಿನ ಹಿಂದೆ ತೆಪ್ಪಗಿರಬೇಕು. ನಮ್ಮ ಗಣತಿದಾರರು ಇಪ್ಪತ್ತೆರಡು ವರ್ಷ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರು. ಒಂದೇ ಒಂದು ಶುಕ್ರವಾರ ತಪ್ಪಿದರು, ಅಷ್ಟೇ.

ಅವರ ಕೆಲಸ ಮನೆಗಣತಿ. ಮನೆಮನೆಯ ಬಾಗಿಲು ತಟ್ಟಿ, ಒಳಗೆ ಎಷ್ಟು ಜನ, ಏನು ಉದ್ಯೋಗ, ಎಷ್ಟು ಕಿಟಕಿ ಎಂದು ಕೇಳಿ ಹಳದಿ ನಮೂನೆಯಲ್ಲಿ ಬರೆದುಕೊಳ್ಳುವುದು. ನಮೂನೆಯ ಕೊನೆಯ ಅಂಕಣ ‘ಷರಾ’. ಉಳಿದ ಅಂಕಣಗಳಲ್ಲಿ ಹಿಡಿಸದ್ದನ್ನೆಲ್ಲ ಅದರಲ್ಲಿ ತುರುಕಬೇಕು. ಒಂದು ಕಟ್ಟಡ ಮುಗಿದ ಕೂಡಲೇ ಕಾರ್ಬನ್ ಪ್ರತಿಯನ್ನು ಹರಿದು, ಕೆಳಗೆ ಮೆಟ್ಟಿಲ ಬಳಿಯ ಸೂಚನಾ ಫಲಕಕ್ಕೆ ಚುಚ್ಚಿ ಬರಬೇಕು. ಅದರ ಬುಡದಲ್ಲಿ ಇಲಾಖೆಯೇ ಅಚ್ಚು ಹಾಕಿಸಿದ ಒಂದು ಸಾಲಿದೆ: ‘ಮೇಲ್ಕಂಡ ವಿವರಗಳ ಬಗ್ಗೆ ಆಕ್ಷೇಪಣೆ ಉಳ್ಳವರು ಎರಡು ದಿನಗಳೊಳಗಾಗಿ ಗಣತಿದಾರರನ್ನು ಖುದ್ದಾಗಿ ಕಾಣತಕ್ಕದ್ದು.’ ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ಖುದ್ದಾಗಿ ಕಂಡಿರಲಿಲ್ಲ, ಏಕೆಂದರೆ ಯಾರೂ ಅದನ್ನು ಓದಿರಲಿಲ್ಲ.

ಓದದಿದ್ದರೆ ಬೇಡ, ಮೆಟ್ಟಿಲನ್ನಂತೂ ಹತ್ತಲೇಬೇಕಲ್ಲ. ಹತ್ತಿ ಹತ್ತಿ ಗಣತಿದಾರರ ಮಂಡಿಗಳು ಹಳೆಯ ಬಾಗಿಲಿನ ಹಾಗೆ ಕಿರ್ರೆನ್ನುತ್ತಿದ್ದವು. ಈಗ ಕಚೇರಿಯೊಳಗೆ ಪರಿಶೀಲನೆಯ ಜಾಗವೊಂದು ಖಾಲಿಯಾಗಿತ್ತು. ಬೇರೆಯವರು ತುಂಬಿ ತಂದ ನಮೂನೆಗಳನ್ನು ಫ್ಯಾನಿನ ಕೆಳಗೆ ಕೂತು ಓದುವ ಜಾಗ. ಒಂದು ಮೆಟ್ಟಿಲೂ ಇಲ್ಲ. ಅದಕ್ಕೆ ಯಾರನ್ನು ಕೂರಿಸಬೇಕೆಂದು ಹೊಸದಾಗಿ ಬಂದ ಅಧಿಕಾರಿ ಸೋಮವಾರ ತೀರ್ಮಾನಿಸುವವರಿದ್ದರು. ಆ ಜಾಗ ಸಿಗದಿದ್ದರೆ ನಿವೃತ್ತಿಯವರೆಗೂ, ಅಂದರೆ ಇನ್ನೂ ಹದಿಮೂರು ವರ್ಷ, ಮೆಟ್ಟಿಲೇ ಗತಿ ಎಂಬುದು ಗಣತಿದಾರರಿಗೂ ಗೊತ್ತಿತ್ತು, ಅವರ ಮಂಡಿಗಳಿಗೂ ಗೊತ್ತಿತ್ತು.

ಅಧಿಕಾರಿ ಸಂಭಾವಿತ ಮನುಷ್ಯ. ಶುಕ್ರವಾರ ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡು, “ರಜಾದಿನ ಏನು ಮಾಡ್ತೀರಿ?” ಎಂದು ನಗುನಗುತ್ತಾ ಕೇಳಿದರು. ಒಬ್ಬ ಬೆಟ್ಟ ಹತ್ತುತ್ತೇನೆ ಎಂದ. ಇನ್ನೊಬ್ಬ ಈಜುತ್ತೇನೆ ಎಂದ. ಬೆರಳಚ್ಚುಗಾರ್ತಿ ಪಿಟೀಲು ಬಾರಿಸುತ್ತೇನೆ ಎಂದಳು. ಗಣತಿದಾರರು ರಜಾದಿನಗಳಲ್ಲಿ ಮಂಡಿಗೆ ಮುಲಾಮು ಹಚ್ಚಿಕೊಂಡು ಅಂಗಾತ ಮಲಗುತ್ತಿದ್ದರು. ಇದನ್ನು ಮೇಲಧಿಕಾರಿಯ ಮುಂದೆ ಹೇಳುವುದು ಹೇಗೆ? ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕಂಡಿದ್ದ ಒಂದು ಗೋಡೆಪತ್ರ ಅವರ ನೆನಪಿಗೆ ಬಂತು, ನೆನಪಿಗೆ ಬಂದದ್ದು ಅಲ್ಲಿ ನಿಲ್ಲದೆ ಬಾಯಿಗೂ ಬಂತು.

“ಮನೇಲಿ ಕೂತು ಫ್ರೆಂಚ್ ಸಿನಿಮಾ ನೋಡ್ತೀನಿ ಸಾರ್.”

ಅಧಿಕಾರಿಯ ಮುಖ ಅರಳಿತು. ಅರಳಿದ ರೀತಿ ನೋಡಿಯೇ ಗಣತಿದಾರರು ಒಂದು ಹೆಜ್ಜೆ ಹಿಂದೆ ಸರಿದರು.

“ಈ ಕಚೇರೀಲಿ ನನ್ನ ಥರದವರು ಒಬ್ಬರಾದ್ರೂ ಇದ್ದೀರಲ್ಲ!” ಎಂದು ಅಧಿಕಾರಿ ಮೇಜಿನ ಖಾನೆಯಿಂದ ಒಂದು ಪೆನ್‌ಡ್ರೈವ್ ತೆಗೆದರು. “ಇದರಲ್ಲಿ ಮೂರಿದೆ. ನೋಡ್ಕೊಂಡು ಬನ್ನಿ. ಸೋಮವಾರ ಬೆಳಿಗ್ಗೆ ಮೊದಲು ನೀವು, ಆಮೇಲೆ ಬೇರೆ ಕೆಲಸ.”

ಶನಿವಾರ ಬೆಳಿಗ್ಗೆ ಗಣತಿದಾರರು ಪರೀಕ್ಷೆಗೆ ಕೂರುವ ಹುಡುಗನಂತೆ ತಲೆ ಬಾಚಿಕೊಂಡು ಟಿ.ವಿ. ಮುಂದೆ ಕೂತರು. ಪಕ್ಕದಲ್ಲಿ ಹೆಂಡತಿ ಬಟ್ಟೆ ಮಡಚುತ್ತಾ ಕೂತಳು. ಸಿನಿಮಾ ಶುರುವಾಯಿತು. ಒಂದು ಹಳೆಯ ನಾಲ್ಕು ಮಹಡಿ ಕಟ್ಟಡ. ಜನ ಬಾಗಿಲು ತೆಗೆದರು, ಬಾಗಿಲು ಹಾಕಿದರು. ಒಬ್ಬ ಕಿಟಕಿಯಲ್ಲಿ ನಿಂತ. ನಿಂತೇ ಇದ್ದ. ಪರದೆಯ ಅಡಿಯಲ್ಲಿ ಮಾತಿನ ಸಾಲುಗಳು ಬರುತ್ತಿದ್ದವು. ಗಣತಿದಾರರು ಕನ್ನಡಕ ಸರಿಮಾಡಿಕೊಂಡು ಮೊದಲ ಎರಡು ಪದ ಓದುವಷ್ಟರಲ್ಲಿ ಸಾಲು ಮಾಯವಾಗಿ, ಆಡಿದವನೂ ಎದ್ದುಹೋಗಿರುತ್ತಿದ್ದ. ಇಪ್ಪತ್ತು ನಿಮಿಷ ಕಳೆದರೂ ಯಾರಿಗೆ ಯಾರು ಏನಾಗಬೇಕೆಂಬುದೇ ತಿಳಿಯಲಿಲ್ಲ.

“ಲೇ, ಆ ಹೆಂಗಸು ಯಾಕೆ ಹಾಗೆ ಗೋಡೆ ನೋಡ್ತಿದ್ದಾಳೆ?”

“ಬೇಜಾರಾಗಿದೆ ರೀ. ಅಷ್ಟೂ ಗೊತ್ತಾಗಲ್ವಾ?”

“ಯಾಕೆ ಬೇಜಾರು?”

“ಸುಮ್ನೆ ನೋಡ್ರೀ.”

ಸುಮ್ಮನೆ ನೋಡುವುದು ಗಣತಿದಾರರ ಜಾಯಮಾನವಲ್ಲ. ಅವರು ಕಣ್ಣಿಂದ ನೋಡಿದ್ದು ತಲೆಗೆ ಹೋಗಬೇಕಾದರೆ ಕೈ ದಾಟಿಯೇ ಹೋಗಬೇಕು. ಎದ್ದು ಹೋಗಿ ಚೀಲದಿಂದ ಹಳದಿ ನಮೂನೆಯ ಪುಸ್ತಕ ತಂದರು, ಕಾರ್ಬನ್ ಇಟ್ಟರು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯಲು ಕೂತರು. ಸಿನಿಮಾದ ಕಟ್ಟಡದ ಮನೆಗಳಿಗೆ ತಾವೇ ಮಹಡಿಯ ಪ್ರಕಾರ ನಂಬರು ಕೊಟ್ಟರು. ತಕ್ಷಣ ಎಲ್ಲವೂ ತಿಳಿಯಾಯಿತು. ಬರವಣಿಗೆ ಹೀಗಿತ್ತು:

‘ಮನೆ 1. ಉದ್ಯೋಗ: ಪುಸ್ತಕದ ಅಂಗಡಿ. ಸದಸ್ಯರು: ಇಬ್ಬರು. ಷರಾ: ಗಂಡ ಹೆಂಡತಿ ಹದಿನೈದು ನಿಮಿಷದಿಂದ ಮಾತಾಡಿಲ್ಲ. ಕಾರಣ ತಿಳಿದುಬಂದಿಲ್ಲ.

ಮನೆ 2. ಉದ್ಯೋಗ: ನಾಟಕದ ಹೆಂಗಸು. ಸದಸ್ಯರು: ಒಬ್ಬಳು. ಷರಾ: ದಿನಕ್ಕೆ ಎರಡು ಸಲ ಕಿಟಕಿಯ ಬಳಿ ನಿಂತು ಅಳುವುದು.

ಮನೆ 3. ಉದ್ಯೋಗ: ಇದೆ ಎಂದು ಹೇಳುತ್ತಾನೆ. ಸದಸ್ಯರು: ಇಬ್ಬರು. ಷರಾ: ಹೆಂಡತಿಗೆ ಬೇರೆ ಕಡೆ ಮನಸ್ಸಿದೆ. ಗಂಡನಿಗೆ ತಿಳಿದಿಲ್ಲ. ತಿಳಿಯುವ ಲಕ್ಷಣವೂ ಇಲ್ಲ.

ಮನೆ 4. ಉದ್ಯೋಗ: ವೈದ್ಯ. ಸದಸ್ಯರು: ಒಬ್ಬ. ಷರಾ: ಮೂರನೇ ಮನೆಗೆ ಆಗಾಗ ಬರುತ್ತಾನೆ. ಬರುವಾಗ ಕೈಯಲ್ಲಿ ಹೂವು.’

ಅಷ್ಟರಲ್ಲಿ ಹೆಂಡತಿ, “ಹಾಲು ಮುಗಿದಿದೆ, ಒಂದು ಪ್ಯಾಕೆಟ್ ತಂದ್ಬಿಡಿ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ಗಣತಿದಾರರು ನಮೂನೆ ತುಂಬಿದ ನೆಮ್ಮದಿಯಲ್ಲಿ ಎದ್ದರು. ಆಮೇಲೆ ನಡೆದದ್ದರಲ್ಲಿ ಅವರ ತಪ್ಪೇನೂ ಇಲ್ಲ, ಎಲ್ಲ ಕೈಯದೇ. ಇಪ್ಪತ್ತೆರಡು ವರ್ಷದ ರೂಢಿಗೆ ಬಿದ್ದ ಆ ಕೈ ಕಾರ್ಬನ್ ಪ್ರತಿಯನ್ನು ಹರಿಯಿತು. ಮೆಟ್ಟಿಲಿಳಿದು ಸೂಚನಾ ಫಲಕದ ಗಾಜಿನ ಬಾಗಿಲು ತೆಗೆಯಿತು. ನೀರಿನ ಟ್ಯಾಂಕು ತೊಳೆಯುವ ಸೂಚನೆಯ ಪಕ್ಕದಲ್ಲಿ ಪ್ರತಿಯನ್ನು ಚುಚ್ಚಿತು. ಆಗ ಗಣತಿದಾರರ ತಲೆ ಪೂರಾ ಹಾಲಿನ ಮೇಲಿತ್ತು.

ಅವರಿದ್ದದ್ದು ನಾಲ್ಕು ಮಹಡಿಯ ಕಟ್ಟಡ, ಮಹಡಿಗೆ ಒಂದು ಮನೆ. ಅವರದು ಮನೆ ನಂಬರು ಮೂರು.

ಅಂಗಡಿಯ ಉದ್ದ ಸಾಲಿನಲ್ಲಿ ಕಾದು ಹಾಲು ತಂದು ಮೆಟ್ಟಿಲು ಹತ್ತುವುದರಲ್ಲಿ ಸಿನಿಮಾ ಮುಗಿದಿತ್ತು. ಹೆಂಡತಿ ಮಡಚಿದ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೇನಾಯಿತು ಎಂದು ಕೇಳಬೇಕೆನ್ನುವಾಗ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಒಂದನೇ ಮನೆಯ ಬೇಕರಿಯವನೂ ಅವನ ಹೆಂಡತಿಯೂ ನಿಂತಿದ್ದರು. ಇಬ್ಬರ ನಡುವೆ ಇನ್ನೊಬ್ಬ ದಢೂತಿ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟಿದ್ದರು.

“ಸಾರ್, ನಮ್ಮದು ಆಕ್ಷೇಪಣೆ ಇದೆ,” ಎಂದ ಬೇಕರಿಯವನು.

“ನನ್ನದೂ ಇದೆ. ಇವರದ್ದಕ್ಕೆ ಸೇರಿಸ್ಬೇಡಿ, ಬೇರೆ ಬರ್ಕೊಳ್ಳಿ,” ಎಂದಳು ಹೆಂಡತಿ.

ಗಣತಿದಾರರು ಕಣ್ಣು ಕಣ್ಣು ಬಿಟ್ಟರು. ಆಕ್ಷೇಪಣೆ ಎಂಬ ಪದವನ್ನು ಅವರು ಓದಿದ್ದರು, ಯಾರ ಬಾಯಲ್ಲೂ ಕೇಳಿರಲಿಲ್ಲ.

“ಹದಿನೈದು ನಿಮಿಷದಿಂದ ಗಂಡ ಹೆಂಡತಿ ಮಾತಾಡಿಲ್ಲ ಅಂತ ಬೋರ್ಡಲ್ಲಿ ಹಾಕಿದ್ದೀರಿ. ಅದು ತಪ್ಪು ಸಾರ್.”

“ತಪ್ಪೇ ಇರ್ಬೇಕಪ್ಪಾ, ಅದು ನಿಮ್ಮದಲ್ಲ...”

“ಹನ್ನೊಂದು ದಿನ ಆಯ್ತು ಸಾರ್.”

“ಹನ್ನೆರಡು,” ಎಂದಳು ಹೆಂಡತಿ, ಗೋಡೆಯ ಕಡೆ ತಿರುಗಿ.

“ನೋಡಿ ಸಾರ್, ಲೆಕ್ಕ ಇಟ್ಕೊಂಡಿದ್ದಾಳೆ. ಕಾರಣ ತಿಳಿದುಬಂದಿಲ್ಲ ಅಂತ ಬರೆದಿದ್ದೀರಲ್ಲ, ಅದು ಮಾತ್ರ ನೂರಕ್ಕೆ ನೂರು ಸರಿ. ನನಗೂ ತಿಳಿದುಬಂದಿಲ್ಲ.”

“ತಿಳಿದುಬಂದಿಲ್ವಂತೆ! ಊರಿಗೆಲ್ಲ ಹುಟ್ಟುಹಬ್ಬದ ಕೇಕ್ ಮಾಡಿ ಕೊಡ್ತಾರೆ ಸಾರ್, ಗುಲಾಬಿ ಹೂವೇನು, ಬೆಳ್ಳಿ ಮಣಿಯೇನು! ನನ್ನ ಹುಟ್ಟುಹಬ್ಬಕ್ಕೆ ಏನು ತಂದ್ರು ಕೇಳಿ. ಯಾರೋ ಆರ್ಡರ್ ಕೊಟ್ಟು ತಗೊಂಡು ಹೋಗದೆ ಬಿಟ್ಟಿದ್ದು. ಅವರ ಹೆಸರನ್ನ ಚಾಕೂಲಿ ಕೆರೆದಿದ್ದಾರೆ!”

“ಪೂರ್ತಿ ಕೆರೆದಿದ್ದೆ!” ಎಂದು ಬೇಕರಿಯವನು ನೇರ ಅವಳ ಕಡೆಗೇ ತಿರುಗಿ ಕೂಗಿದ.

“ಕೊನೇ ಅಕ್ಷರ ಉಳಿದಿತ್ತು!” ಎಂದು ಅವಳೂ ನೇರ ಅವನಿಗೇ ಕೂಗಿದಳು.

ಹನ್ನೆರಡು ದಿನಗಳಲ್ಲಿ ಅವರು ಪರಸ್ಪರ ಆಡಿದ ಮೊದಲ ಮಾತುಗಳು ಇವು. ಅದು ಅರಿವಾಗಿ ಇಬ್ಬರೂ ಗಕ್ಕನೆ ನಿಂತರು. ನಾಚಿಕೊಂಡರು ಎಂದೂ ಹೇಳಬಹುದು. ಆಮೇಲೆ ಮೆಟ್ಟಿಲಿಳಿಯುತ್ತಾ ಆ ಕೊನೆಯ ಅಕ್ಷರದ ವಿಷಯದಲ್ಲಿ ಜಗಳ ಮುಂದುವರಿಸಿದರು. ದನಿ ಒಂದನೇ ಮಹಡಿ ಮುಟ್ಟುವವರೆಗೂ ಕೇಳಿಸುತ್ತಿತ್ತು.

ಬೋರ್ಡು! ಗಣತಿದಾರರಿಗೆ ಆಗ ಹೊಳೆಯಿತು. ಆಕಾಶವೇ ಕಳಚಿ ತಲೆಯ ಮೇಲೆ ಬಿದ್ದಂತಾಯಿತು. ಮಂಡಿಯನ್ನೂ ಲೆಕ್ಕಿಸದೆ ದಡದಡ ಕೆಳಗೆ ಓಡಿದರು. ಫಲಕದ ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಪಕ್ಕದಲ್ಲಿ ಎರಡನೇ ಮನೆಯ ನಿವೃತ್ತ ಹೆಡ್‌ಮಾಸ್ತರು ಕೈಕಟ್ಟಿ ನಿಂತಿದ್ದರು. ಒಬ್ಬರೇ ಇದ್ದವರು, ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ, ಕೀಲಿಕೈ ಸದಾ ಅವರ ಜೇಬಿನಲ್ಲಿ.

“ಮಾಸ್ತರೇ, ಬೀಗ ತೆಗೀರಿ. ಅದನ್ನ ಅಲ್ಲಿ ಹಾಕ್ಬಾರದಾಗಿತ್ತು.”

“ತೆಗೆಯೋ ಹಾಗಿಲ್ಲಪ್ಪ. ಆಕ್ಷೇಪಣೆಗೆ ಎರಡು ದಿನ ಅಂತ ಅಚ್ಚು ಹಾಕಿದ್ದಾರೆ. ಸರ್ಕಾರಿ ದಾಖಲೆ, ಯಾರಾದ್ರೂ ಹರಿದುಗಿರಿದಾರು ಅಂತ ನಾನೇ ಬೀಗ ಹಾಕ್ದೆ.”

“ಅದು ಈ ಕಟ್ಟಡದ್ದಲ್ಲ ಮಾಸ್ತರೇ, ಸಿನಿಮಾದ್ದು! ಫ್ರೆಂಚ್ ಸಿನಿಮಾದ್ದು!”

ಹೆಡ್‌ಮಾಸ್ತರು ನಲವತ್ತು ವರ್ಷ ಹುಡುಗರ ನೆಪ ಕೇಳಿದ ಮನುಷ್ಯ. ಅವರ ಹುಬ್ಬು ಒಂದಿಂಚು ಮೇಲೇರಿತು.

“ನಾಲ್ಕು ಮಹಡಿ, ನಾಲ್ಕು ಮನೆ. ಆಕ್ಷೇಪಣೆ ಬಂದ್ಮೇಲೆ ಸಿನಿಮಾ ಅಂತೀಯಾ?”

“ಉದ್ಯೋಗ ನೋಡಿ ಮಾಸ್ತರೇ! ಬೇಕರಿಗೆ ಪುಸ್ತಕದ ಅಂಗಡಿ ಅಂತಿದೆ. ನಿಮ್ಮನ್ನ ನಾಟಕದ ಹೆಂಗಸು ಅಂತ ಬರೀತೀನಾ ನಾನು?”

“ಸರ್ಕಾರಿ ದಾಖಲೇಲಿ ಉದ್ಯೋಗ ಯಾವ ಕಾಲದಲ್ಲಿ ಸರಿ ಇತ್ತಯ್ಯಾ? ನನ್ನ ಪಿಂಚಣಿ ಕಾಗದದಲ್ಲಿ ನಾಲ್ಕು ವರ್ಷ ನಾನು ವಿಧವೆ ಆಗಿದ್ದೆ. ಅದನ್ನ ಬಿಡು.” ಹೆಡ್‌ಮಾಸ್ತರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಕಿಟಕಿ ಹತ್ತಿರ ನಿಂತು ಅಳೋದು, ದಿನಕ್ಕೆ ಎರಡು ಸಲ. ಅದು ನಿನಗೆ ಹೇಗೆ ಗೊತ್ತಾಯ್ತು? ನಾನು ಪರದೆ ಎಳ್ಕೊಂಡಿರ್ತೀನಲ್ಲ?”

ಗಣತಿದಾರರು ಬೀಗವನ್ನು ಒಮ್ಮೆ ಎಳೆದು ನೋಡಿದರು.

“ಕಿಟಕಿ ಎದುರಿಗಿರೋ ನಮ್ಮ ಶಾಲೇಲಿ ಗಂಟೆ ತೆಗೆದು ಸೈರನ್ ಹಾಕಿದ್ದಾರೆ ಕಣಯ್ಯಾ. ಮೂವತ್ತು ವರ್ಷ ನಾನು ಕೈಯಾರೆ ಬಾರಿಸಿದ ಗಂಟೆ. ಬೆಳಿಗ್ಗೆ ಒಂದು ಸಲ ಕೂಗತ್ತೆ, ಸಂಜೆ ಒಂದು ಸಲ. ಬೆಂಕಿ ಬಿದ್ದ ಹಾಗೆ ಕೂಗತ್ತೆ. ಕಣ್ಣಲ್ಲಿ ಸ್ವಲ್ಪ ನೀರು ಬರತ್ತೆ, ಅಷ್ಟೇ. ಅದನ್ನ ಅಳು ಅಂತ ಬರೀಬಾರದು. ನನ್ನ ಆಕ್ಷೇಪಣೆ ಇಷ್ಟೇ: ಅಳುವುದು ಅನ್ನೋದನ್ನ ತೆಗೆದು, ಕಣ್ಣು ಒದ್ದೆಯಾಗುವುದು ಅಂತ ಹಾಕು.” ಆಮೇಲೆ ಎರಡೂ ಕೈಯಿಂದ ಗಣತಿದಾರರ ಭುಜ ಹಿಡಿದು ಹೇಳಿದರು: “ಏನೇ ಆಗ್ಲಿ, ನಿನ್ನ ಪ್ರಾಮಾಣಿಕತೆ ದೊಡ್ಡದು. ಸ್ವಂತ ಮನೇದನ್ನೂ ಮುಚ್ಚಿಡದೆ ಬರೆದ್ಯಲ್ಲ! ಧೈರ್ಯ ತಂದ್ಕೋ.”

ಸ್ವಂತ ಮನೆ? ಗಣತಿದಾರರು ಗಾಜಿಗೆ ಮೂಗು ಒತ್ತಿ ತಮ್ಮದೇ ಅಕ್ಷರವನ್ನು ಓದಿದರು. ಮನೆ 3. ಹೆಂಡತಿಗೆ ಬೇರೆ ಕಡೆ ಮನಸ್ಸಿದೆ. ಗಂಡನಿಗೆ ತಿಳಿದಿಲ್ಲ. ತಿಳಿಯುವ ಲಕ್ಷಣವೂ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

ಅವರು ಏಳುವ ಮೊದಲೇ ನಾಲ್ಕನೇ ಮನೆಯ ಗಡಿಯಾರ ರಿಪೇರಿಯವನು ಮೇಲಿನಿಂದ ಇಳಿದು ಬಂದ. ಮದುವೆಯಾಗದ ಬಡಪಾಯಿ. ಯಾರಾದರೂ ಸೀನಿದರೂ ತನ್ನದೇ ತಪ್ಪೆಂದು ಕ್ಷಮೆ ಕೇಳುವ ಸ್ವಭಾವ. ಅವನ ಮುಖ ಸುಣ್ಣದ ಗೋಡೆಯಾಗಿತ್ತು.

“ಸಾರ್, ನಾನು ವೈದ್ಯ ಅಲ್ಲ ಸಾರ್.”

“ಗೊತ್ತಪ್ಪಾ.”

“ನಾನು ನಿಮ್ಮ ಮನೆಗೆ ಬಂದಿದ್ದು ಎರಡೇ ಸಲ ಸಾರ್. ಒಂದು ಸಲ ಏಣಿ ಕೇಳೋಕೆ, ಇನ್ನೊಂದು ಸಲ ಏಣಿ ವಾಪಸ್ ಕೊಡೋಕೆ. ಆಗಾಗ ಅಂದ್ರೆ ಕನಿಷ್ಠ ಮೂರು ಸಲ ಆಗ್ಬೇಕಲ್ವಾ ಸಾರ್? ಹೂವು ತಂದಿಲ್ಲ ಸಾರ್. ಏಣಿ ಒಂದೇ ಇತ್ತು ಕೈಲಿ. ಬೇಕಾದ್ರೆ ಅಕ್ಕನ್ನೇ ಕೇಳಿ. ಬೇಡ, ಕೇಳ್ಬೇಡಿ! ನಾನು ಮನೆ ಖಾಲಿ ಮಾಡ್ಲಾ ಸಾರ್?”

“ಏನೂ ಮಾಡ್ಬೇಡ, ಹೋಗಿ ಮಲಗು,” ಎಂದರು ಗಣತಿದಾರರು. ಮಧ್ಯಾಹ್ನದ ಹನ್ನೆರಡು ಗಂಟೆಗೆ ಮಲಗು ಎಂದದ್ದನ್ನೂ ಅವನು ಆಜ್ಞೆಯೆಂದೇ ತಿಳಿದು ಹೋಗಿ ಮಲಗಿದ.

ಶನಿವಾರವೆಲ್ಲ ಹೀಗೆಯೇ ಕಳೆಯಿತು. ಬೇಕರಿಯವನ ಹೆಂಡತಿ ತಿದ್ದುಪಡಿಗೆಂದು ಇನ್ನೆರಡು ಸಲ ಬಂದುಹೋದಳು. ಬಂದವರೆಲ್ಲ ಗಣತಿದಾರರ ಹೆಂಡತಿಯ ಮುಖವನ್ನು ಓರೆಗಣ್ಣಲ್ಲಿ ನೋಡಿ ನಿಟ್ಟುಸಿರು ಬಿಟ್ಟರು. ಗಣತಿದಾರರು ಅವಳನ್ನು ಕೆಳಗೆ ಇಳಿಯದಂತೆ ಕಾದರು. ಕಸ ತಾವೇ ಹಾಕಿಬಂದರು, ಸೊಪ್ಪು ತಾವೇ ತಂದರು, ಯಾರೂ ಕೇಳದಿದ್ದರೂ ಹೋಗಿ ಸೂಜಿದಾರ ತಂದರು. ಲೆಕ್ಕ ಹಾಕಿದರೆ ಕೆಲಸದ ದಿನಕ್ಕಿಂತ ಎಂಟು ಮಹಡಿ ಹೆಚ್ಚೇ ಹತ್ತಿದ್ದರು. ಒಳಗೆ ಹೆಂಡತಿ ಎರಡನೆಯ ಸಿನಿಮಾವನ್ನು ತನ್ನ ಪಾಡಿಗೆ ಒಬ್ಬಳೇ ನೋಡಿ ಮುಗಿಸಿದಳು. ಗಂಡನ ಈ ಹೊಸ ಚುರುಕನ್ನು ಕಂಡು, ಫ್ರೆಂಚ್ ಸಿನಿಮಾದಿಂದ ಗಂಡಸರಿಗೆ ಒಳ್ಳೆಯದಾಗುತ್ತದೆಂದು ಅಂದುಕೊಂಡಳು.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹೆಂಡತಿಯ ಅಣ್ಣ ನಿಂತಿದ್ದ. ಬಸ್ ಡಿಪೋದಲ್ಲಿ ಕಂಟ್ರೋಲರ್, ಲೋಕದ ಕಷ್ಟಗಳೆಲ್ಲ ರೂಟ್ ತಪ್ಪಿದ ಬಸ್ಸುಗಳೆಂದು ನಂಬಿದವನು. ಬೇಕರಿಯವನ ಹೆಂಡತಿ ಅವನಿಗೆ ಫೋನ್ ಮಾಡಿ ಎಲ್ಲವನ್ನೂ, ಸ್ವಲ್ಪ ಸೇರಿಸಿಯೇ, ಹೇಳಿದ್ದಳು.

“ಭಾವ, ನೀವು ಒಂದು ಮಾತೂ ಆಡ್ಬೇಡಿ. ಕೂತ್ಕೊಳ್ಳಿ. ನಾನಿದ್ದೀನಿ,” ಎಂದು ಗಣತಿದಾರರನ್ನು ಅವರ ಮನೆಯಲ್ಲೇ ಅತಿಥಿಯಂತೆ ಕೂರಿಸಿ, ತಂಗಿಯ ಕಡೆ ತಿರುಗಿದ. “ಏನೇ, ಯಾವ ಕಡೆ ಮನಸ್ಸಿದೆ ನಿಂಗೆ?”

“ಮನಸ್ಸಾ? ಮೂರನೇ ಸಿನಿಮಾ ಕಡೆ. ಯಾಕಣ್ಣ?”

“ನೋಡಿದ್ರಾ ಭಾವ, ಹೇಗೆ ಮಾತು ತಿರುಗಿಸ್ತಾಳೆ! ಊರಿಗೆ ಊರೇ ಓದಿದೆ ಕಣೇ, ಕೆಳಗೆ ಬೋರ್ಡಲ್ಲಿ ಹಾಕಿದ್ದಾರೆ, ಕಾರ್ಬನ್ ಕಾಪಿ!”

ತಂಗಿ ಸೆರಗಿಗೆ ಕೈ ಒರೆಸಿಕೊಂಡು ಕೆಳಗೆ ಹೋದಳು. ಗಣತಿದಾರರು ಕೈ ಕೈ ಹಿಸುಕಿಕೊಂಡು ಕೂತರು. ಪರಿಶೀಲನೆಯ ಜಾಗ, ಫ್ಯಾನು, ಮಂಡಿ ಎಲ್ಲವೂ ಆ ಗಳಿಗೆಯಲ್ಲಿ ಅವರಿಗೆ ಮರೆತುಹೋಯಿತು. ಒಂದು ಕಡೆ ಭಯ, ಇನ್ನೊಂದು ಕಡೆ ಪಾಪ ಅನ್ನಿಸಿತು. ಹತ್ತೊಂಬತ್ತು ವರ್ಷ ಜೊತೆಗಿದ್ದ ಹೆಂಡತಿಯ ಬಗ್ಗೆ ಊರೆದುರು ಇಂಥದ್ದನ್ನು ತೂಗುಹಾಕಿದ ಗಂಡ ಇನ್ನೊಬ್ಬನಿರಲಾರ ಎಂದುಕೊಂಡು ಅವರಿಗೆ ನಿಜವಾಗಿಯೂ ಕಣ್ಣು ತುಂಬಿತು.

ಅವಳು ಮೇಲೆ ಬಂದಾಗ ಹಿಂದೆ ಹೆಡ್‌ಮಾಸ್ತರು, ಬೇಕರಿಯ ದಂಪತಿ, ಎಲ್ಲರ ಹಿಂದೆ ಕಂಬದ ಮರೆಯಲ್ಲಿ ಗಡಿಯಾರ ರಿಪೇರಿಯವನು.

“ರೀ, ನೀವು ಬರೆದದ್ದರಲ್ಲಿ ತಪ್ಪಿದೆ,” ಎಂದಳು.

“ತಪ್ಪೇ ಕಣೇ. ನೂರು ತಪ್ಪು. ಅದು ನೀನಲ್ಲ, ಆಣೆಗೂ ಅದು...”

“ನಾನಲ್ಲ ಅಂತ ನನಗೆ ಗೊತ್ತಿಲ್ವಾ? ನಿಮ್ಮ ಪಕ್ಕದಲ್ಲೇ ಕೂತು ನೋಡಿದ್ದೀನಿ. ಆ ಮೂರನೇ ಮನೆಯವಳಿಗೆ ಬೇರೆ ಕಡೆ ಮನಸ್ಸಿಲ್ಲ ರೀ. ಆ ಡಾಕ್ಟರು ಹೂವು ತರೋದು ಅವಳಿಗಲ್ಲ, ಹಾಸಿಗೆ ಹಿಡಿದಿರೋ ಅವಳ ಅಮ್ಮನಿಗೆ. ಒಳಗಿನ ಕೋಣೇಲಿ ಅಮ್ಮ ಇರೋದನ್ನ ನೀವು ನೋಡ್ಲೇ ಇಲ್ಲ, ಸದಸ್ಯರು ಇಬ್ಬರು ಅಂತ ಬರೆದ್ಬಿಟ್ರಿ. ಗಣತಿ ಮಾಡೋ ರೀತೀನಾ ಇದು?”

ಗಣತಿದಾರರಿಗೆ ಹೆಂಡತಿ ಸಿಟ್ಟಾಗದೆ ಇದ್ದದ್ದಕ್ಕಿಂತ, ಲೆಕ್ಕದಲ್ಲಿ ಒಂದು ತಲೆ ತಪ್ಪಿದ್ದು ಹೆಚ್ಚು ನಾಟಿತು.

“ಎಲ್ಲಾ ಒಳಗೆ ಬನ್ನಿ. ನೋಡಿ. ಆಮೇಲೆ ಮಾತಾಡಿ,” ಎಂದು ಅವಳು ಟಿ.ವಿ. ಹಾಕಿದಳು.

ಹೀಗೆ ಆ ಭಾನುವಾರ ಮೂರನೇ ಮಹಡಿಯ ಆ ಪುಟ್ಟ ಕೋಣೆಯಲ್ಲಿ ಇಡೀ ಕಟ್ಟಡ ಕೂತು ಫ್ರೆಂಚ್ ಸಿನಿಮಾ ನೋಡಿತು. ಬೇಕರಿಯವನು ಒಂದು ತಟ್ಟೆ ಬಿಸ್ಕತ್ತು ತಂದ. ಹೆಡ್‌ಮಾಸ್ತರು ಪರದೆಯ ಅಡಿಯ ಸಾಲುಗಳನ್ನು ತರಗತಿಗೆ ಓದುವಂತೆ ಗಟ್ಟಿಯಾಗಿ ಓದಿ ಅರ್ಥ ಹೇಳಿದರು. ಪುಸ್ತಕದಂಗಡಿಯವನು ಹೆಂಡತಿಯ ಮುಂದೆ ಲೋಟ ಕುಕ್ಕಿದಾಗ ಬೇಕರಿಯವನ ಹೆಂಡತಿ, “ನೋಡಿ, ನೋಡಿ, ಇವರೂ ಹೀಗೇ ಕುಕ್ಕೋದು!” ಎಂದು ಕೂಗಿದಳು. ಬೇಕರಿಯವನು, “ಕೇಕ್ ತಂದಿದ್ದಾನಾ ಅವನು? ಇಲ್ವಲ್ಲ! ನಾನು ತಂದಿದ್ದೆ!” ಎಂದ. ನಾಟಕದ ಹೆಂಗಸು ಕಿಟಕಿಯ ಬಳಿ ಬಂದಾಗ ಹೆಡ್‌ಮಾಸ್ತರು ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು. ಡಿಪೋ ಅಣ್ಣ ಎಲ್ಲರಿಗಿಂತ ಮುಂದೆ ಎದ್ದು ನಿಂತು, “ಅಯ್ಯೋ, ಆ ಡಾಕ್ಟರಿಗೆ ಹೇಳ್ರಯ್ಯಾ, ಅಮ್ಮ ಎಡಗಡೆ ಕೋಣೇಲಿದ್ದಾಳೆ!” ಎಂದು ದಾರಿ ತೋರಿಸುತ್ತಿದ್ದ. ಗಣತಿದಾರರಿಗೆ ಕೂರಲು ಜಾಗವಿರಲಿಲ್ಲ. ಬಾಗಿಲ ಹೊರಗೆ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತ ಅವರಿಗೆ ಪೂರ್ತಿ ಎರಡು ಗಂಟೆ ಕಂಡದ್ದು ಭಾವಮೈದುನನ ಬೆನ್ನು ಮಾತ್ರ.

ಸಿನಿಮಾ ಮುಗಿದಾಗ ಎಲ್ಲರಿಗೂ ಅದು ಸಿನಿಮಾವೇ ಎಂದು ಖಾತ್ರಿಯಾಯಿತು. ಹಾಗೆಂದು ಒಬ್ಬರೂ ಆಕ್ಷೇಪಣೆ ಹಿಂತೆಗೆದುಕೊಳ್ಳಲಿಲ್ಲ.

“ಸಿನಿಮಾದ್ದಾದ್ರೇನು, ಮನೆ ನಂಬರು ನಮ್ಮದೇ ಅಲ್ವಾ?” ಎಂದರು ಹೆಡ್‌ಮಾಸ್ತರು. ನಾಲ್ಕೂ ಮನೆಯ ಆಕ್ಷೇಪಣೆಯನ್ನು ದುಂಡನೆಯ ಅಕ್ಷರದಲ್ಲಿ ಬರೆದು, ಸಹಿ ಹಾಕಿಸಿ, ಬೀಗ ತೆಗೆದು ನಮೂನೆಯನ್ನು ಅದರ ಮೇಲಿಟ್ಟು, ಲಕೋಟೆಗೆ ಹಾಕಿದರು. ಮೂರನೇ ಮನೆಯ ಪರವಾಗಿ ಗಣತಿದಾರರ ಹೆಂಡತಿಯೇ ಸಹಿ ಮಾಡಿದ್ದಳು: ‘ಸದಸ್ಯರು ಮೂವರು. ಅಮ್ಮನನ್ನು ಬಿಟ್ಟಿದ್ದಾರೆ.’

ಸೋಮವಾರ ಗಣತಿದಾರರು ಕಚೇರಿಗೆ ಬರುವ ಮೊದಲೇ ಲಕೋಟೆ ಅಧಿಕಾರಿಯ ಮೇಜಿನ ಮೇಲಿತ್ತು. ಹೆಡ್‌ಮಾಸ್ತರು ಬೆಳಗಿನ ಮೊದಲ ಬಸ್ಸಿಗೇ ಬಂದು ಕೊಟ್ಟುಹೋಗಿದ್ದರು. ಒಳಗೆ ಕಾಲಿಟ್ಟ ಗಣತಿದಾರರಿಗೆ ಕಂಡದ್ದು ಅಧಿಕಾರಿಯ ಕೈಯಲ್ಲಿ ತಮ್ಮ ಹಳದಿ ನಮೂನೆ. ಮುಗಿಯಿತು ಕಥೆ ಎಂದುಕೊಂಡರು.

“ಇದು ನೀವು ಬರೆದದ್ದಾ?”

“ತಪ್ಪಾಯ್ತು ಸಾರ್. ನಾನು ಫ್ರೆಂಚ್ ಸಿನಿಮಾ ನೋಡೋನೇ ಅಲ್ಲ ಸಾರ್. ಮೊನ್ನೆ ಬಾಯಿ ತಪ್ಪಿ ಬಂತು. ಭಾನುವಾರ ಮಂಡಿಗೆ ಮುಲಾಮು ಹಚ್ಕೊಂಡು ಮಲಗ್ತೀನಿ. ನೀವು ಕೊಟ್ಟ ಮೂರರಲ್ಲಿ ಒಂದನ್ನೂ ಪೂರ್ತಿ ನೋಡಿಲ್ಲ. ಒಂದು ಅರ್ಧ, ಇನ್ನೊಂದು ಅರ್ಧ ನಮ್ಮ ಭಾವಮೈದುನನ ಬೆನ್ನು.”

ಅಧಿಕಾರಿ ನಮೂನೆಯನ್ನು ಇನ್ನೊಮ್ಮೆ ಓದಿದರು. ಅವರ ಮೀಸೆ ಅಲುಗಿತು.

“‘ತಿಳಿಯುವ ಲಕ್ಷಣವೂ ಇಲ್ಲ.’ ಇಪ್ಪತ್ತೈದು ವರ್ಷದಿಂದ ಈ ಸಿನಿಮಾ ನೋಡ್ತಿದ್ದೀನಿ. ಆ ಗಂಡನ ಬಗ್ಗೆ ಇದಕ್ಕಿಂತ ಸರಿಯಾಗಿ ಯಾರೂ ಬರೆದಿಲ್ಲ. ಮತ್ತೆ ಇದನ್ನ ಬೋರ್ಡಿಗೆ ಹಾಕಿ, ಆಕ್ಷೇಪಣೇನೂ ತರಿಸಿದ್ದೀರಿ. ನಮ್ಮ ಇಲಾಖೆ ಶುರುವಾದಾಗಿನಿಂದ ಬಂದಿರೋ ಆಕ್ಷೇಪಣೆ ಎಷ್ಟು ಗೊತ್ತಾ? ಈ ನಾಲ್ಕೇ. ನಿಮ್ಮ ನಮೂನೆ ಒಂದನ್ನೇ ಜನ ಓದಿರೋದು.” ಆಮೇಲೆ ಅವರು ಕಾಗದವನ್ನು ಮೇಜಿನ ಮೇಲಿಟ್ಟರು. “ಆದ್ರೆ ನನ್ನದೂ ಒಂದು ಆಕ್ಷೇಪಣೆ ಇದೆ.”

“ಹೇಳಿ ಸಾರ್.”

“ಐದನೇ ಮನೆ ಬಿಟ್ಟಿದ್ದೀರಿ.”

“ನಾಲ್ಕೇ ಮಹಡಿ ಸಾರ್ ಅದು.”

“ಮೇಲೆ ಚಾವಣಿ ಕೆಳಗೆ ಒಂದು ಕೋಣೆ ಇದೆ. ಕೊನೇಲಿ ಬರತ್ತೆ. ಅಲ್ಲಿ ಒಬ್ಬ ಇರ್ತಾನೆ. ಭಾನುವಾರ ಪೂರ್ತಿ ಒಬ್ಬನೇ ಕೂತು ಉಳಿದ ನಾಲ್ಕು ಮನೆ ಕಿಟಕಿ ನೋಡ್ತಾನೆ. ಅವನ ಬಾಗಿಲನ್ನ ಯಾರೂ ತಟ್ಟಲ್ಲ. ನೀವೂ ತಟ್ಟಲಿಲ್ಲ.” ಅಧಿಕಾರಿ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. “ನಾನೂ ಈ ಊರಿಗೆ ಬಂದು ಆರು ತಿಂಗಳಾಯ್ತು. ಆ ಸಿನಿಮಾನ ಇಷ್ಟು ಸಲ ನೋಡಿದ್ದೀನಿ, ನಿಮ್ಮ ಮನೇಲಿ ನಿನ್ನೆ ನೋಡಿದ ಹಾಗೆ ಒಂದು ಸಲವೂ ನೋಡಿಲ್ಲ. ನಿಮ್ಮ ಹೆಡ್‌ಮಾಸ್ತರು ಬೆಳಿಗ್ಗೆ ಎಲ್ಲಾ ಹೇಳಿದ್ರು. ಗಣತಿದಾರರನ್ನ ಖುದ್ದಾಗಿ ಕಾಣತಕ್ಕದ್ದು ಅಂತ ಇದೆಯಲ್ಲ. ಈ ಭಾನುವಾರ ಬರ್ಲಾ?”

ಗಣತಿದಾರರು ದೊಡ್ಡ ಜಾಣರಲ್ಲ. ಆದರೆ ಇಪ್ಪತ್ತೆರಡು ವರ್ಷ ಬಾಗಿಲು ತಟ್ಟಿದವರಿಗೆ, ತಟ್ಟಿಸಿಕೊಳ್ಳಲು ಕಾದು ಕೂತವರ ಮುಖ ಹೇಗಿರುತ್ತದೆಂದು ಗೊತ್ತಿರುತ್ತದೆ. ಅವರಿಗೆ ತಮ್ಮ ಜಾಗದ ಚಿಂತೆ ಅಲ್ಲಿಗೇ ಬಿಟ್ಟುಹೋಯಿತು.

“ಬನ್ನಿ ಸಾರ್. ಎಲ್ಲಾ ಭಾನುವಾರ ಬನ್ನಿ,” ಎಂದರು.

“ಎಲ್ಲಾ ಭಾನುವಾರ?” ಅಧಿಕಾರಿ ಎದ್ದು ನಿಂತೇಬಿಟ್ಟರು. “ಆಯ್ತು! ಪರಿಶೀಲನೆ ಜಾಗಕ್ಕೆ ನೀವೇ. ಇವತ್ತೇ ಆದೇಶ ಮಾಡ್ತೀನಿ. ಪ್ರತಿ ಶುಕ್ರವಾರ ಮೂರು ಸಿನಿಮಾ ಕೊಡ್ತೀನಿ, ಶನಿವಾರ ಎರಡು, ಭಾನುವಾರ ನನ್ನ ಜೊತೆ ಒಂದು. ಸೋಮವಾರ ನಮೂನೆ ತುಂಬ್ಕೊಂಡು ಬನ್ನಿ.”

ಮನೆಗೆ ಹೋಗುವ ಬಸ್ಸಿನಲ್ಲಿ ಗಣತಿದಾರರು ಲೆಕ್ಕ ಹಾಕಿದರು. ಹದಿಮೂರು ವರ್ಷ, ವರ್ಷಕ್ಕೆ ಐವತ್ತೆರಡು ವಾರ, ವಾರಕ್ಕೆ ಮೂರು. ಉತ್ತರ ನೋಡಿ ಹೆದರಿ ಇನ್ನೊಮ್ಮೆ ಹಾಕಿದರು. ಅದೇ ಬಂತು. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು.

“ಏನಾಯ್ತು ರೀ?” ಎಂದು ಹೆಂಡತಿ ಓಡಿ ಬಂದಳು.

“ಜಾಗ ಸಿಕ್ತು ಕಣೇ. ಆದ್ರೆ ರಿಟೈರ್ ಆಗೋದ್ರೊಳಗೆ ಎರಡು ಸಾವಿರದ ಇಪ್ಪತ್ತೆಂಟು ಫ್ರೆಂಚ್ ಸಿನಿಮಾ ನೋಡ್ಬೇಕು.”

ಹೆಂಡತಿಯ ಮುಖ ಅರಳಿದ್ದು ಸ್ವಲ್ಪ ಬಾಡಿತು.

“ಅಷ್ಟೇನಾ?” ಎಂದಳು.